ಸಹಾಯ ಬೇಕು: 1812ರ ಫ್ರೆಂಚ್ ಸೈನಿಕರನ್ನು 1805ರವರನ್ನಾಗಿ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. 1805ರ ಆಸ್ಟರ್‌ಲಿಟ್ಜ್ ಕದನವನ್ನು ಮೇಜಿನ ಮೇಲೆ ಪುಟ್ಟ ಸೈನಿಕ ಗೊಂಬೆಗಳಿಂದ ಆಡಲು ಫ್ರೆಂಚ್ ಕಾಲಾಳು ಪಡೆ ಸಿದ್ಧ ಮಾಡುತ್ತಿದ್ದೇನೆ. ಕೈಯಲ್ಲಿರುವುದು 28 ಮಿ.ಮೀ. ಪ್ಲಾಸ್ಟಿಕ್ ಸೈನಿಕರು, ಎಲ್ಲರೂ 1812ರ ನಂತರದ ಸಮವಸ್ತ್ರದವರು. ತಲೆಗೆ ಶಾಕೋ (ಎತ್ತರದ ಕೊಳವೆಯಂಥ ಟೋಪಿ), ಸೊಂಟದವರೆಗೆ ಪೂರ್ತಿ ಮುಚ್ಚಿದ ಕೋಟು, ಹಿಂದೆ ಕೋಟಿನ ಗಿಡ್ಡ ಬಾಲ (ಇಳಿಬಿದ್ದ ತುದಿ). 1805ರವರಿಗೆ ಬೈಕಾರ್ನ್ ಟೋಪಿ (ಅಂಚನ್ನು ಎರಡು ಕಡೆ ಮೇಲಕ್ಕೆ ಮಡಿಸಿದ್ದು) ಬೇಕು. ಕೋಟು ಹೊಟ್ಟೆಯ ಹತ್ತಿರ ತೆರೆದು ಒಳಗಿನ ಬಿಳಿ ವೇಸ್ಟ್‌ಕೋಟು ಕಾಣಬೇಕು. ಬಾಲವೂ ಉದ್ದ ಇರಬೇಕು.

ಟೋಪಿಗೆ ದಾರಿ ಇದೆ. ಲೋಹದ ತಲೆಗಳನ್ನು ಹಾಕುತ್ತೇನೆ. ಪ್ಲಾಸ್ಟಿಕ್ ಸಿಮೆಂಟ್ (ಪ್ಲಾಸ್ಟಿಕ್ ಕರಗಿಸಿ ಅಂಟಿಸುವ ಗೋಂದು) ಲೋಹಕ್ಕೆ ಹಿಡಿಯಲ್ಲ ಅಲ್ವಾ, ಹಾಗಾಗಿ ಕುತ್ತಿಗೆಗೆ ಸಣ್ಣ ಹಿತ್ತಾಳೆ ತಂತಿ ತೂರಿಸಿ ಸೂಪರ್ ಗ್ಲೂ ಹಾಕುವುದು.

ನಿಜವಾದ ತೊಡಕು ಕೋಟಿನ ಬಾಲ. ಅದನ್ನು ಗ್ರೀನ್ ಸ್ಟಫ್ ಎಂಬ ಎಪಾಕ್ಸಿ ಪುಟ್ಟಿಯಲ್ಲಿ ಮಾಡಿದರೆ, ಪುಟ್ಟಿ ಗಟ್ಟಿಯಾದ ಮೇಲೂ ರಬ್ಬರಿನ ಹಾಗೆ ಬಾಗುತ್ತದೆ, ಉಜ್ಜಿದರೆ ನಯವಾಗುವುದಿಲ್ಲ. ಅಂಚು ದುಂಡಗಾಗಿ, ಬಟ್ಟೆ ಹೋಗಿ ಹಿಟ್ಟಿನ ಮುದ್ದೆ ಥರ ಕಾಣುತ್ತದೆ. ಮಡಿಸಿದ ಬಾಲದ ಚೂಪು ಅಂಚೇ ಆ ಕೋಟಿನ ಅಂದ, ಅದನ್ನು ಬಿಡಲು ಮನಸ್ಸಿಲ್ಲ. ಈ ಪುಟ್ಟಿಗೆ ಮಿಲಿಪುಟ್ (ಗಟ್ಟಿಯಾದ ಮೇಲೆ ಉಜ್ಜಬಹುದಾದ ಇನ್ನೊಂದು ಪುಟ್ಟಿ) ಬೆರೆಸುವವರು ಯಾವ ಪ್ರಮಾಣದಲ್ಲಿ ಬೆರೆಸುತ್ತೀರಿ? ಅಥವಾ ತೆಳು ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಅಂಟಿಸಿ, ಸಂದಿಗೆ ಮಾತ್ರ ಪುಟ್ಟಿ ತುಂಬುವುದು ಮೇಲಾ?

ಇನ್ನೊಂದು ಸಣ್ಣ ಪ್ರಶ್ನೆ. ಕಡುನೀಲಿ ಕೋಟಿನ ಮೇಲೆ ಎದೆಯ ಅಡ್ಡಪಟ್ಟಿಗೆ ನೇರ ಬಿಳಿ ಬಳಿದರೆ ಸುಣ್ಣದ ಹಾಗೆ ಕಾಣುತ್ತದೆ. ಕೆಳಗೆ ತಿಳಿ ಬೂದು ಹಾಕುವುದೋ, ಮಾಸಲು ಕಂದೋ?

ಬಾಲ ಉದ್ದ ಮಾಡಿದವರು ಯಾರಾದರೂ ಇದ್ದರೆ ಬಣ್ಣ ಹಚ್ಚುವ ಮುಂಚಿನ ಫೋಟೋ ಹಾಕಿ, ಹಿಂಬದಿಯಿಂದ ತೆಗೆದದ್ದು.