ಆನ್ ಮಾಡಿದರೆ ಲೋಗೋದಲ್ಲೇ ನಿಲ್ಲುವ ಕಂಪ್ಯೂಟರ್: ಫಾರ್ಮ್ಯಾಟ್ ಮಾಡಲೇಬೇಕಾ?

ಪ್ರಶ್ನೆ: ಸರ್, ನನ್ನದು ಹಳೆಯ ಡೆಸ್ಕ್‌ಟಾಪ್, ವಿಂಡೋಸ್ 10 ಇದೆ. ಈಚೆಗೆ ಆನ್ ಮಾಡಿದರೆ ಲೋಗೋ ಬರುತ್ತದೆ, ಕೆಳಗೆ ಚುಕ್ಕಿಗಳು ಸುತ್ತುತ್ತವೆ, ಆಮೇಲೆ ಅಲ್ಲೇ ನಿಂತುಬಿಡುತ್ತದೆ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಕೆಲವೊಮ್ಮೆ ಓಪನ್ ಆಗುತ್ತದೆ, ಕೆಲವೊಮ್ಮೆ ಇಲ್ಲ. ಕೇಳಿದವರೆಲ್ಲ ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿ ಅಂತಿದ್ದಾರೆ. ಲೆಕ್ಕದ ಫೈಲುಗಳು, ಫೋಟೋಗಳು ಎಲ್ಲ ಇದರಲ್ಲೇ ಇವೆ, ಬೇರೆ ಕಡೆ ಕಾಪಿ ಇಲ್ಲ. ಏನು ಮಾಡಲಿ?

ಉತ್ತರ: ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ. ಬೇರೆ ಕಡೆ ಕಾಪಿ ಇಲ್ಲ ಅಂದಿರಲ್ಲ, ಆ ಒಂದು ಮಾತಿಗೇ ಫಾರ್ಮ್ಯಾಟ್ ಕೊನೆಗೆ ಹೋಗಬೇಕು. ಡಿಸ್ಕೇ ಕೆಟ್ಟಿದ್ದರೆ ಹೊಸ ವಿಂಡೋಸ್ ಕೂಡ ಸ್ವಲ್ಪ ದಿನದಲ್ಲಿ ಹೀಗೇ ನಿಲ್ಲುತ್ತದೆ, ಅಷ್ಟರಲ್ಲಿ ನಿಮ್ಮ ಫೈಲುಗಳು ಹೋಗಿರುತ್ತವೆ.

ಮೊದಲು ಎಲ್ಲಿ ನಿಲ್ಲುತ್ತದೆ ಅಂತ ನೋಡಬೇಕು. ಚುಕ್ಕಿ ಸುತ್ತುವ ಮೊದಲೇ, ಬರೀ ಲೋಗೋದಲ್ಲಿ ನಿಂತರೆ ವಿಂಡೋಸ್ ಇನ್ನೂ ಶುರುವಾಗಿಲ್ಲ ಅಂತ ಅರ್ಥ. ಆಗ ರ್‍ಯಾಮ್, ಬಯೋಸ್ (ವಿಂಡೋಸಿಗಿಂತ ಮೊದಲು ಓಡುವ ಪ್ರೋಗ್ರಾಮ್) ಸೆಟ್ಟಿಂಗ್, ಡಿಸ್ಕ್ ಅಥವಾ ಯುಎಸ್‌ಬಿಗೆ ಚುಚ್ಚಿರುವ ಯಾವುದೋ ವಸ್ತುವಿನ ಮೇಲೆ ಅನುಮಾನ ಪಡಬೇಕು. ನಿಮ್ಮದರಲ್ಲಿ ಚುಕ್ಕಿ ಸುತ್ತುತ್ತಿದೆ, ಅಂದರೆ ವಿಂಡೋಸ್ ಲೋಡ್ ಆಗೋಕೆ ಶುರುವಾಗಿ ಮಧ್ಯದಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ. ಡ್ರೈವರ್ (ಗ್ರಾಫಿಕ್ಸಿನಂಥ ಒಂದೊಂದು ಭಾಗವನ್ನು ನಡೆಸುವ ಪುಟ್ಟ ಪ್ರೋಗ್ರಾಮ್) ಇರಬಹುದು, ಕೆಟ್ಟುಹೋದ ಸಿಸ್ಟಮ್ ಫೈಲ್ ಇರಬಹುದು, ಅಥವಾ ಆ ಫೈಲನ್ನು ಓದಿಕೊಡಲು ಡಿಸ್ಕ್ ಒದ್ದಾಡುತ್ತಿರಬಹುದು.

ಇಷ್ಟು ಮಾಡಿ ನೋಡಿ. ಕೀಬೋರ್ಡ್, ಮೌಸ್, ಮಾನಿಟರ್ ಬಿಟ್ಟು ಉಳಿದದ್ದೆಲ್ಲ ತೆಗೆಯಿರಿ. ಪ್ರಿಂಟರ್, ಪೆನ್‌ಡ್ರೈವ್, ಹಬ್, ಎಲ್ಲ. ನಿಂತಾಗ ಕ್ಯಾಪ್ಸ್ ಲಾಕ್ ಒತ್ತಿ. ಕೀಬೋರ್ಡಿನ ದೀಪ ಹತ್ತಿ ಆರುತ್ತಿದ್ದರೆ ಪೂರ್ತಿ ಹ್ಯಾಂಗ್ ಆಗಿಲ್ಲ, ಯಾವುದಕ್ಕೋ ಕಾಯುತ್ತಿದೆ. ಸಿಪಿಯು ಡಬ್ಬದ ಮುಂದಿನ ಡಿಸ್ಕ್ ದೀಪ ಮಿನುಗದೆ ಒಂದೇ ಸಮನೆ ಉರಿಯುತ್ತಿದೆಯಾ ನೋಡಿ, ಹತ್ತಿರ ಕಿವಿ ಇಟ್ಟು ಸದ್ದೂ ಕೇಳಿ. ಮುಂದಿನ ಸಲ ಓಪನ್ ಆದಾಗ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಡಿ. ನೀಲಿ ಪರದೆ ಬರುತ್ತದೆ, ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಶನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಅಂತ ಹೋಗಿ ರೀಸ್ಟಾರ್ಟ್ ಆದ ಮೇಲೆ 4 ಒತ್ತಿದರೆ ಸೇಫ್ ಮೋಡ್, ಅಂದರೆ ಬೇಕೇ ಬೇಕಾದ ಡ್ರೈವರುಗಳು ಮಾತ್ರ ಇರುವ ವಿಂಡೋಸ್. ಸೇಫ್ ಮೋಡ್ ಪ್ರತಿ ಸಲ ಸಲೀಸಾಗಿ ಬಂದರೆ ತಪ್ಪು ಡ್ರೈವರಿನದ್ದೋ ಯಾವುದೋ ಪ್ರೋಗ್ರಾಮಿನದ್ದೋ ಇರುವ ಸಾಧ್ಯತೆ ಜಾಸ್ತಿ. ಅಲ್ಲೂ ಒದ್ದಾಡಿದರೆ ಡಿಸ್ಕ್ ಅಥವಾ ರ್‍ಯಾಮ್ ನೋಡಬೇಕು.

ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಕೇಳಬಹುದು, ಮೊದಲೇ ಹುಡುಕಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಎಲ್ಲ ಕಿತ್ತು ನೋಡಿದೆ ಸರ್, ಅದೇ ಕಥೆ. ಸೇಫ್ ಮೋಡ್ ಬಂತು, ಆದರೆ ತುಂಬಾ ನಿಧಾನ. ಡಿಸ್ಕ್ ದೀಪ ಒಂದೇ ಸಮ ಉರಿಯುತ್ತಿತ್ತು. ಸದ್ದು ಏನೂ ಇಲ್ಲ. ಒಬ್ಬರು ಚೆಕ್‌ಡಿಸ್ಕ್ ಹಾಕಿ ರಾತ್ರಿಯಿಡೀ ಬಿಡಿ ಅಂದರು, ಹಾಕಲಾ?

ಉತ್ತರ: ಈಗ ಬೇಡ. ಪೂರ್ತಿ ಚೆಕ್‌ಡಿಸ್ಕ್ ಅಂದರೆ ಡಿಸ್ಕಿನ ಮೂಲೆಮೂಲೆಯನ್ನೂ ಓದಿಸುವ ಕೆಲಸ. ಸುಸ್ತಾದ ಡಿಸ್ಕಿಗೆ ಅದೇ ಕೊನೆಯ ಏಟು ಆಗಬಹುದು. ಫೈಲ್ ಹೊರಗೆ ಬಂದ ಮೇಲೆ ಏನು ಬೇಕಾದರೂ ಮಾಡೋಣ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಒಂದು ಉಚಿತ ಪ್ರೋಗ್ರಾಮ್ ಇದೆ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಲೆಕ್ಕವನ್ನು ಅದು ತೋರಿಸುತ್ತದೆ. ಅದರಲ್ಲಿ 05, ಸಿ5, ಸಿ7 ಈ ಮೂರು ಸಾಲುಗಳ ಕೊನೆಯ ಸಂಖ್ಯೆ ಹೇಳಿ.

ಪ್ರಶ್ನೆ: ಮೇಲೆ ಹಳದಿ ಬಣ್ಣದಲ್ಲಿ ಕಾಶನ್ ಅಂತ ಇದೆ. 05ರ ಮುಂದೆ ಸೊನ್ನೆ, ಸಿ5ರ ಮುಂದೆ ತುಂಬಾ ಸೊನ್ನೆಗಳಾದ ಮೇಲೆ 38, ಸಿ7 ಸೊನ್ನೆ. 38 ಅಂದರೆ ಜಾಸ್ತಿನಾ?

ಉತ್ತರ: ಆ ಪ್ರೋಗ್ರಾಮ್ ಸುಮ್ನೆ ಬಿಟ್ಟರೆ ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ, ತೋರಿಸುತ್ತದೆ, ಹಾಗಾಗಿ ನಿಮ್ಮ 38 ಅಂದರೆ ನಮ್ಮ ಲೆಕ್ಕದಲ್ಲಿ 56. ಡಿಸ್ಕಿಗೆ ಸರಿಯಾಗಿ ಓದಲಾಗದೆ ಬಾಕಿ ಇಟ್ಟಿರುವ ಜಾಗಗಳು ಅಷ್ಟು. ಅಂಥ ಜಾಗ ಎದುರಾದಾಗ ಡಿಸ್ಕ್ ಬಿಟ್ಟುಕೊಡುವುದಿಲ್ಲ, ಅದೇ ಜಾಗವನ್ನು ಮತ್ತೆ ಮತ್ತೆ ಓದಲು ನೋಡುತ್ತದೆ, ಅಲ್ಲಿಯವರೆಗೆ ವಿಂಡೋಸ್ ಬಾಯಿ ಮುಚ್ಚಿಕೊಂಡು ಕಾಯುತ್ತದೆ. ನೀವು ನೋಡುತ್ತಿರುವ ಹ್ಯಾಂಗ್ ಬಹುಮಟ್ಟಿಗೆ ಅದೇ. ಒಂದು ಸಲ ಓದಲು ಸಿಕ್ಕರೆ ಓಪನ್ ಆಗುತ್ತದೆ, ಸಿಗದಿದ್ದರೆ ಇಲ್ಲ. ಸಿ7 ಏರುತ್ತಿದ್ದರೆ ಡಿಸ್ಕಿನ ಕೇಬಲ್ ಬದಲಿಸಿ ನೋಡಿ ಅನ್ನುತ್ತಿದ್ದೆ, ನಿಮ್ಮದು ಕೇಬಲ್ ಅಲ್ಲ.

ಈಗ ಕಾಪಿ ಮಾಡಿ. ಇನ್ನೊಂದು ಹೊರಗಿನ ಡ್ರೈವ್ ಹಾಕಿ, ಮೊದಲು ಲೆಕ್ಕದ ಫೈಲುಗಳು, ಆಮೇಲೆ ಫೋಟೋ, ವಿಡಿಯೋ ಕೊನೆಗೆ. ಇಡೀ ಫೋಲ್ಡರ್ ಒಟ್ಟಿಗೆ ಎಳೆಯಬೇಡಿ, ಸ್ವಲ್ಪ ಸ್ವಲ್ಪ ತೆಗೆದುಕೊಳ್ಳಿ. ಒಂದು ಫೈಲಿನಲ್ಲಿ ನಿಂತುಬಿಟ್ಟರೆ ಅದರ ಜೊತೆ ಗುದ್ದಾಡದೆ ಬಿಟ್ಟು ಮುಂದಿನದಕ್ಕೆ ಹೋಗಿ. ವಿಂಡೋಸ್ ಓಪನ್ನೇ ಆಗದಿದ್ದರೆ ಪೆನ್‌ಡ್ರೈವಿನಿಂದ ಓಡುವ ಲಿನಕ್ಸ್ (ವಿಂಡೋಸಿನಂಥದ್ದೇ ಇನ್ನೊಂದು ವ್ಯವಸ್ಥೆ) ಹಾಕಿ ಅದರಿಂದ ತೆಗೆಯಬಹುದು. ಅದೂ ಬೇಡ ಅಂದರೆ ನೀಲಿ ಪರದೆಯಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ನೋಟ್‌ಪ್ಯಾಡ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಫೈಲ್ ಮೆನುವಿನಲ್ಲಿ ಓಪನ್ ಕೊಟ್ಟು, ಆಲ್ ಫೈಲ್ಸ್ ಆರಿಸಿ. ಆ ಪುಟ್ಟ ಕಿಟಕಿಯಲ್ಲೇ ಕಾಪಿ, ಪೇಸ್ಟ್ ನಡೆಯುತ್ತದೆ. ಅಲ್ಲಿ ಡ್ರೈವ್ ಅಕ್ಷರಗಳು ಅದಲುಬದಲಾಗಿರಬಹುದು, ಗಾಬರಿಯಾಗಬೇಡಿ.

ಟಕ್ ಟಕ್ ಅಂತ ಸದ್ದು ಶುರುವಾದರೆ ತಕ್ಷಣ ಆಫ್ ಮಾಡಿ. ಆಮೇಲೆ ಅದು ಡೇಟಾ ರಿಕವರಿ ಮಾಡುವವರ ಕೆಲಸ, ಮನೆಯಲ್ಲಿ ಇನ್ನೊಂದು ಸಲ ನೋಡೋಣ ಅನ್ನುವ ಹಾಗಿಲ್ಲ.

ಇನ್ನೊಬ್ಬರ ಪ್ರಶ್ನೆ: ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನ ಲ್ಯಾಪ್‌ಟಾಪ್ ಶಟ್‌ಡೌನ್ ಮಾಡಿ ಬೆಳಿಗ್ಗೆ ಆನ್ ಮಾಡಿದರೆ ನಿಲ್ಲುತ್ತದೆ, ರೀಸ್ಟಾರ್ಟ್ ಮಾಡಿದರೆ ಮಾತ್ರ ಯಾವತ್ತೂ ತೊಂದರೆ ಇಲ್ಲ. ನನ್ನದೂ ಡಿಸ್ಕಾ?

ಉತ್ತರ: ನೀವು ಹೇಳಿದ ವ್ಯತ್ಯಾಸವೇ ದೊಡ್ಡ ಸುಳಿವು. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಅಂದರೆ ಪೂರ್ತಿ ಶಟ್‌ಡೌನ್ ಅಲ್ಲ. ವಿಂಡೋಸಿನ ತಿರುಳು ಮತ್ತು ಡ್ರೈವರುಗಳ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ, ಬೆಳಿಗ್ಗೆ ಅದನ್ನೇ ವಾಪಸ್ ಎತ್ತಿಕೊಳ್ಳುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲ ಮೊದಲಿನಿಂದ ಶುರು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಶನ್ಸ್‌ಗೆ ಹೋಗಿ, ಪವರ್ ಬಟನ್ ಏನು ಮಾಡಬೇಕು ಅನ್ನುವ ಕಡೆ ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗೆಯಿರಿ. ಅದರಿಂದ ಸರಿಹೋದರೆ ಗ್ರಾಫಿಕ್ಸ್ ಮತ್ತು ಚಿಪ್‌ಸೆಟ್ ಡ್ರೈವರುಗಳನ್ನು ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ಹೊಸದಾಗಿ ಹಾಕಿಕೊಳ್ಳಿ.

ಮತ್ತೊಬ್ಬರ ಪ್ರಶ್ನೆ: ಈವೆಂಟ್ ವ್ಯೂವರ್‌ನಲ್ಲಿ (ವಿಂಡೋಸ್ ತನ್ನ ತೊಂದರೆಗಳನ್ನು ಬರೆದಿಡುವ ಕಡೆ) ಕರ್ನಲ್ ಪವರ್ 41 ಅಂತ ಕೆಂಪಗೆ ಬರುತ್ತಿದೆ. ಎಸ್‌ಎಂಪಿಎಸ್ (ಪವರ್ ಸಪ್ಲೈ) ಹೋಗಿದೆ ಅಂತಾನಾ?

ಉತ್ತರ: ಹಾಗಂತ ಹೇಳಲಾಗದು. ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ ಅಂತಷ್ಟೇ ಆ 41 ಹೇಳುತ್ತದೆ. ಹ್ಯಾಂಗ್ ಆದಾಗ ನೀವೇ ಬಟನ್ ಒತ್ತಿ ಹಿಡಿದರೂ ಅದೇ ಬರುತ್ತದೆ. ಅದಕ್ಕಿಂತ ಸ್ವಲ್ಪ ಮುಂಚೆ ಡಿಸ್ಕ್ ಅಂತ ಏನಾದರೂ ಎಚ್ಚರಿಕೆ ಇದೆಯಾ ನೋಡಿ. ಬರೀ 41 ನೋಡಿ ಎಸ್‌ಎಂಪಿಎಸ್ ಬದಲಿಸಬೇಡಿ.

ಪ್ರಶ್ನೆ (ಮೊದಲು ಕೇಳಿದವರು): ಸರ್, ಲೆಕ್ಕದ ಫೈಲುಗಳೆಲ್ಲ ಬಂದವು. ಫೋಟೋಗಳಲ್ಲಿ ಕೆಲವು ಮಾತ್ರ ಬರಲಿಲ್ಲ. ಹೊಸ ಎಸ್‌ಎಸ್‌ಡಿ ಹಾಕಿಸಿ ವಿಂಡೋಸ್ ಹಾಕುತ್ತೇನೆ. ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಬ್ಯಾಕಪ್‌ಗೆ ಇಟ್ಟುಕೊಳ್ಳಬಹುದಾ?

ಉತ್ತರ: ಫೈಲುಗಳು ಸಿಕ್ಕಿದ್ದು ಕೇಳಿ ಸಮಾಧಾನವಾಯಿತು. ಬಾರದ ಫೋಟೋಗಳು ಮುಖ್ಯ ಅನಿಸಿದರೆ ಆ ಡಿಸ್ಕನ್ನು ಮುಟ್ಟದೆ ಹಾಗೇ ತೆಗೆದಿಡಿ, ಫಾರ್ಮ್ಯಾಟ್ ಮಾಡಿದರೆ ಆ ದಾರಿಯೂ ಮುಚ್ಚುತ್ತದೆ. ಹೊಸದಕ್ಕೆ ವಿಂಡೋಸ್ ಹಾಕುವಾಗ ಅದರ ಕೇಬಲ್ ಕಿತ್ತಿಡಿ, ಇಲ್ಲದಿದ್ದರೆ ಬೂಟ್ ಫೈಲುಗಳು ಹಳೆಯದರ ಮೇಲೆ ಹೋಗಿ ಕೂರಬಹುದು.

ಬ್ಯಾಕಪ್‌ಗೆ ಮಾತ್ರ ಅದು ಬೇಡ. ಪೂರ್ತಿ ಫಾರ್ಮ್ಯಾಟ್ ಮಾಡಿದರೆ ಸಿ5 ಸೊನ್ನೆಗೆ ಇಳಿಯಬಹುದು, ಡಿಸ್ಕ್ ಸರಿಹೋಯಿತು ಅಂತ ಅಂದುಕೊಳ್ಳಬೇಡಿ. ಆ ಜಾಗಗಳ ಮೇಲೆ ಹೊಸದಾಗಿ ಬರೆದಾಗ ಬರೆದದ್ದು ಸರಿಯಾಗಿ ಉಳಿದರೆ ಬಾಕಿ ಪಟ್ಟಿಯಿಂದ ಹೋಗುತ್ತವೆ, ಉಳಿಯದಿದ್ದರೆ ಅವುಗಳ ಬದಲು ಬೇರೆ ಜಾಗ ಬಳಸಿ 05ರಲ್ಲಿ ಎಣಿಸುತ್ತದೆ. ಕಳೆದುಹೋದರೂ ಪರವಾಗಿಲ್ಲ ಅನ್ನುವಂಥದ್ದನ್ನು ಮಾತ್ರ ಅದರಲ್ಲಿ ಇಡಿ.