ಅವ್ವ ಕಲಬುರಗಿಯಲ್ಲಿ ಒಬ್ಬಳೇ, ಬಿಪಿ ಇಳಿಯುತ್ತಿಲ್ಲ, ಏನು ಮಾಡಲಿ?

ಬಿಸಿಲೂರ ಹುಡುಗ:
ಅಪ್ಪ ಹೋಗಿ ಎಂಟು ತಿಂಗಳಾಯಿತು. ಅವ್ವನಿಗೆ 68. ಬೆಂಗಳೂರಿಗೆ ಬಾ ಅಂದರೆ "ನಿಮ್ಮ ಹತ್ತನೇ ಅಂತಸ್ತಿನಲ್ಲಿ ಯಾರ ಮುಖ ನೋಡಲಿ" ಅನ್ನುತ್ತಾಳೆ. ಗುಳಿಗೆ ತಪ್ಪಿಸಲ್ಲ, ಆದರೂ ಬಿಪಿ ಇಳಿಯುತ್ತಿಲ್ಲ, ರಾತ್ರಿ ಮೂರಕ್ಕೇ ಎದ್ದು ಕೂರುತ್ತಾಳಂತೆ. ದಿನಾ ಫೋನ್ ಮಾಡುತ್ತೇನೆ. ಅಡುಗೆಗೆ ಜನ ಇಟ್ಟಿದ್ದೇನೆ. ಮೊದಲು ತಿಂಗಳಿಗೊಮ್ಮೆ ಶೇಂಗಾ ಹಿಂಡಿ, ಖಡಕ್ ರೊಟ್ಟಿ ಕಟ್ಟಿ ಬಸ್ಸಿಗೆ ಹಾಕುತ್ತಿದ್ದಳು, ದಣಿಯಬೇಡ ಅಂತ ಅದನ್ನೂ ಬಿಡಿಸಿದೆ. ಇನ್ನೇನು ಮಾಡಬೇಕು?

ಕಟ್ಟೆ ಕಾಕಾ:
ತಮ್ಮಾ, ಸಿಟ್ಟಾಗಬೇಡ. ಅವ್ವನ ಕೆಲಸ ಎಲ್ಲ ಕಸಿದುಕೊಂಡು ಕೈಗೆ ಗುಳಿಗೆ ಡಬ್ಬಿ ಕೊಟ್ಟಿದ್ದೀಯ. ನಾನು ರಿಟೈರಾದ ಹೊಸತರಲ್ಲಿ ಮಗ ದಿನಾ ಫೋನ್ ಮಾಡಿ "ಊಟ ಆಯ್ತಾ, ಗುಳಿಗೆ ಆಯ್ತಾ" ಅಂತಿದ್ದ, ಸುಮ್ನೆ ಹಾಜರಿ ಹಾಕಿದಂಗೆ. ಈಗ ಬೆಳಿಗ್ಗೆ ನಾಲ್ಕು ಜನ ಅಪ್ಪನ ಕೆರೆ ಸುತ್ತುತ್ತೇವೆ, ನಡೆಯೋದಕ್ಕಿಂತ ಕೂರೋದೇ ಜಾಸ್ತಿ ಬಿಡು. ಒಬ್ಬ ಬರಲಿಲ್ಲ ಅಂದರೆ ಉಳಿದ ಮೂವರು ಅವನ ಬಾಗಿಲು ಬಡಿಯುತ್ತೇವೆ.

ಬೀದರ್ ಸಿಸ್ಟರ್:
ಕಾಕಾ ಹೇಳಿದ್ದು ಸರಿ. ಆದರೆ ನಸುಕಿನ ಎಚ್ಚರವನ್ನು ವಯಸ್ಸಾಯ್ತು ಅಂತ ಬಿಡಬೇಡಿ. ಚಿಂತೆಗೆ ನಿದ್ದೆ ಕೆಡುತ್ತದೆ, ಬಿಪಿ ಏರುತ್ತದೆ, ನಿದ್ದೆ ಇಲ್ಲದೆ ಅದು ಇನ್ನೂ ಏರುತ್ತದೆ. ವಾರ್ಡಿನಲ್ಲಿ ನೋಡಿದ್ದೇನೆ, ಹಿರಿಯರು ಮನಸ್ಸಿಗೆ ಬೇಜಾರು ಅಂತ ಬಾಯಿ ಬಿಡೋದೇ ಕಡಿಮೆ. ಮೈಕೈ ನೋವು, ಊಟ ಸೇರಲ್ಲ, ಮರೆವು ಅಂತಾರೆ. ಇದು ಎರಡು ವಾರ ದಾಟಿದ್ದರೆ ಡಾಕ್ಟರಿಗೆ ನಿದ್ದೆ ವಿಷಯವನ್ನೂ ಹೇಳಿ, ಬರೀ ಬಿಪಿ ಚೀಟಿ ತೋರಿಸಿ ಬರಬೇಡಿ. ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹಿರಿಯರ ಸಹಾಯವಾಣಿ 14567.

ಓಣಿ ಸೊಸೆ:
ಮಾವ ತೀರಿದ ಮೇಲೆ ನಮ್ಮ ಅತ್ತೆ ಓಣಿಯವರ ಜೊತೆ ಹುಣ್ಣಿಮೆಗೆ ಗಾಣಗಾಪುರಕ್ಕೆ ಹೋಗೋಕೆ ಶುರು ಮಾಡಿದರು. ಶಕ್ತಿ ಯೋಜನೆ ಇದೆಯಲ್ಲ, ಆಧಾರ್ ತೋರಿಸಿದರೆ ಟಿಕೆಟಿಗೆ ದುಡ್ಡಿಲ್ಲ. ದತ್ತನಿಗಿಂತ ಬಸ್ಸಿನ ಹರಟೆಗೇ ಹೋಗುತ್ತಾರೆ ಅಂತ ನನ್ನ ಅನುಮಾನ. ನಿಮ್ಮ ಅವ್ವನಿಗೆ ಮೊದಲ ಸಲ ಯಾರಾದರೂ ಮನೆಗೆ ಬಂದು ಕರೆಯಬೇಕು, ತಾವಾಗಿ ಹೊರಡಲ್ಲ ಅವರು.

ಬಿಸಿಲೂರ ಹುಡುಗ:
ಶನಿವಾರ ಬರುತ್ತಿದ್ದೇನೆ, ಡಾಕ್ಟರ್ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ಈಗಷ್ಟೇ ಫೋನ್ ಮಾಡಿ ಹಿಂಡಿ ಮುಗಿದಿದೆ ಅವ್ವಾ ಅಂದೆ. "ಈಗ ನೆನಪಾಯ್ತೇನು" ಅಂತ ಚೆನ್ನಾಗಿ ಬೈದಳು. ಆಮೇಲೆ ಒಣ ಮೆಣಸಿನಕಾಯಿ ರೇಟಿನ ಮೇಲೆ ಇಪ್ಪತ್ತು ನಿಮಿಷ ಮಾತು. ಗುಳಿಗೆ ಆಯ್ತಾ ಅಂತ ಕೇಳೋದೇ ಮರೆತೆ.