ಉಣ್ಣಿ, ತುಪ್ಪಟ, ಕೂದಲು: ನಿಮ್ಮ ಕಡೆ ಯಾವುದಕ್ಕೆ ಏನಂತಾರೆ?

ಎಲ್ಲರಿಗೂ ನಮಸ್ಕಾರ. ನಾನು ಜಮಖಂಡಿ ಕಡೆಯವಳು. ಎರಡು ವರ್ಷದಿಂದ ಕೈಯಲ್ಲಿ ಉಣ್ಣೆ ನೂಲುವುದನ್ನು ಕಲಿಯುತ್ತಿದ್ದೇನೆ. ಈಗ ನಮ್ಮ ಓಣಿಯ ಹೆಣ್ಣುಮಕ್ಕಳಿಗಾಗಿ ಸಣ್ಣದೊಂದು ಕೈಪಿಡಿ ಬರೆಯೋಣ ಅಂತ ಕೂತೆ, ಮೊದಲ ಪುಟದಲ್ಲೇ ಪದ ಅಡ್ಡ ಬಂತು.

ಆದದ್ದಿಷ್ಟು. ಚಳ್ಳಕೆರೆ ಕಡೆಯ ಗೆಳತಿಗೆ ಫೋನಿನಲ್ಲಿ "ಮನಿ ತುಂಬ ಉಣ್ಣಿ ಬಿದ್ದೈತಿ, ನಾಳೆ ತೊಳೀಬೇಕು" ಅಂದೆ. ಆಕೆ ಗಾಬರಿಯಾಗಿ "ಅಯ್ಯೋ, ನಾಯಿಗೆ ಔಷಧಿ ಹಾಕಿಸ್ಲಿಲ್ವಾ?" ಅಂದಳು. ನಮ್ಮಲ್ಲಿ ಮನೆ ಮನಿ ಆಗುತ್ತದೆ, ಎಣ್ಣೆ ಎಣ್ಣಿ ಆಗುತ್ತದೆ, ಹಾಗೇ ಉಣ್ಣೆ ಉಣ್ಣಿ ಆಗುತ್ತದೆ. ದನದ ಮೈಗೆ ಕಚ್ಚಿಕೊಳ್ಳುವ ಹುಳವೂ ಉಣ್ಣಿಯೇ. ಕುರಿ ಸಾಕುವವರ ಮನೆಯಲ್ಲಿ ಎರಡೂ ಇರುತ್ತವೆ, ಆದರೂ ಯಾರಿಗೂ ಗೊಂದಲ ಆಗುವುದಿಲ್ಲ, ಯಾಕೆಂದರೆ ಉಣ್ಣಿ ಐತಿ ಅಂದರೆ ಒಂದು, ಉಣ್ಣಿ ಅದಾವ ಅಂದರೆ ಇನ್ನೊಂದು. ಕ್ರಿಯಾಪದವೇ ಬೇರೆ ಮಾಡಿ ಕೊಡುತ್ತದೆ. ಹೊರಗಿನವರಿಗೆ ಇದು ಕಿವಿಗೆ ಬೀಳುವುದಿಲ್ಲ ಅಷ್ಟೆ.

ಮೂಲ ನೋಡಿದರೆ ಇವೆರಡಕ್ಕೂ ಸಂಬಂಧವೇ ಇಲ್ಲ. ಹುಳದ ಉಣ್ಣಿ ನಮ್ಮದೇ ಪದ, ತಮಿಳಿನಲ್ಲೂ ಅದೇ ಇದೆ. ಕುರಿಯ ಉಣ್ಣೆ ಮಾತ್ರ ಸಂಸ್ಕೃತದ ಊರ್ಣಾ, ಪ್ರಾಕೃತದಲ್ಲಿ ಉಣ್ಣಾ ಆಗಿ ನಮ್ಮಲ್ಲಿಗೆ ಬಂದದ್ದು. ಇದು ಗೊತ್ತಾದಾಗ ನನಗೆ ನಿಜಕ್ಕೂ ಆಶ್ಚರ್ಯ ಆಯಿತು. ಕುರಿ ಸಾಕುವ ಹಾಲುಮತದವರಲ್ಲಿ ಉಣ್ಣೆ ಕಂಕಣ, ಹತ್ತಿ ಕಂಕಣ ಅಂತ ಒಳಪಂಗಡಗಳೇ ಇವೆ, ಕಂಬಳಿ ಹಾಸಿ ಗದ್ದುಗೆ ಮಾಡುತ್ತಾರೆ. ಇಷ್ಟು ಹತ್ತಿರದ ವಸ್ತುವಿಗೆ ಹೊರಗಿನ ಪದ ಬರುವ ಮೊದಲು ನಾವು ಏನನ್ನುತ್ತಿದ್ದೆವು?

ಗೆಳತಿ ಹೇಳಿದಳು, "ನಮ್ಮ ಕಡೆ ತುಪ್ಪಟ ಅಂತೀವಿ." ಇದು ಅಚ್ಚಗನ್ನಡ. ಹಕ್ಕಿಮರಿಯ ಮೆತ್ತನೆ ತುಪ್ಪಳವೂ ಇದರ ಬಳಗದ್ದೇ. ಅಂದರೆ ಮೆತ್ತಗಿರುವುದು ಅನ್ನೋ ಅರ್ಥ ಪದದೊಳಗೇ ಇದೆ ಅಲ್ವಾ? ಇಲ್ಲಿಂದಲೇ ನನ್ನ ಮುಖ್ಯ ಪ್ರಶ್ನೆ ಶುರು.

ನೂಲುವವರಿಗೆ ಒಂದು ವ್ಯತ್ಯಾಸ ದಿನವೂ ಬೇಕಾಗುತ್ತದೆ. ಹಲವು ಪ್ರಾಣಿಗಳ ಮೈಮೇಲೆ ಎರಡು ಪದರ ಇರುತ್ತದೆ. ಮೇಲೆ ಉದ್ದನೆಯ ಒರಟು ಕೂದಲು, ಮಳೆ ಧೂಳು ತಡೆಯುವುದಕ್ಕೆ. ಒಳಗೆ ಚಳಿಗೆ ಅಂತ ಬೆಳೆಯುವ ನುಣುಪಾದ ಪದರ. ಲಡಾಖಿನ ಚಾಂಗ್‌ಥಾಂಗಿ ಆಡಿನ ಈ ಒಳಪದರವೇ ಪಶ್ಮೀನಾ. ವಸಂತದಲ್ಲಿ ಅದು ತಾನಾಗಿ ಸಡಿಲ ಆಗುತ್ತದೆ, ಆಗ ಬಾಚಿ ತೆಗೆಯುತ್ತಾರೆ, ಒಂದೊಂದು ಎಳೆ 12ರಿಂದ 16 ಮೈಕ್ರಾನ್ ಅಷ್ಟೇ ದಪ್ಪ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್). ಯಾಕ್ ಪ್ರಾಣಿಯದೂ ಹೀಗೇ, ಒಳಗಿನದು ಶಾಲಿಗೆ, ಹೊರಗಿನದು ಹಗ್ಗಕ್ಕೆ, ಡೇರೆಗೆ. ಈ ಎರಡನ್ನೂ ಉಣ್ಣೆ ಅಂತಲೇ ಬರೆದರೆ ಕಲಿಯುವವರಿಗೆ ಏನೂ ತಿಳಿಯುವುದಿಲ್ಲ. ಹೊರಗಿನದು ಕೂದಲು, ಒಳಗಿನದು ತುಪ್ಪಟ ಅಂತ ಬರೆಯಬಹುದಾ? ನನ್ನ ಮನಸ್ಸು ಅದಕ್ಕೇ ಒಪ್ಪಿದೆ. ಕೆಲವರು ರೋಮ ಅಂತ ಬರೆಯಲು ಹೇಳಿದರು, ಆದರೆ ಓಣಿಯಲ್ಲಿ ಆ ಪದ ಯಾರ ಬಾಯಲ್ಲೂ ಇಲ್ಲ.

ತೊಡಕು ಬರುವುದು ನಮ್ಮ ಡೆಕ್ಕನಿ ಕುರಿಯಲ್ಲಿ. ಇದರ ಮೈಮೇಲೆ ಉಣ್ಣೆಯೂ ಕೂದಲೂ ಕಲೆತೇ ಇರುತ್ತವೆ, ಕತ್ತರಿ ಆಡಿಸಿದರೆ ಒಟ್ಟಿಗೇ ಬರುತ್ತವೆ, ಒಟ್ಟಿಗೇ ಹಿಂಜುತ್ತಾರೆ, ಒಟ್ಟಿಗೇ ನೂಲುತ್ತಾರೆ. ಕರಿಕಂಬಳಿ ಚುಚ್ಚುವುದು ಇದಕ್ಕೇ, ಹೊದ್ದುಕೊಂಡು ಮಳೆಯಲ್ಲಿ ನಿಂತರೆ ನೀರು ಬೇಗ ಒಳಗೆ ಇಳಿಯದಿರುವುದಕ್ಕೂ ಇದು ಒಂದು ಕಾರಣ. ಮೆರಿನೋ ಕುರಿಯ ನುಣುಪಾದ ಉಣ್ಣೆ ಅಭ್ಯಾಸ ಆದವರು ಡೆಕ್ಕನಿಯನ್ನು ಮುಟ್ಟಿ ಮುಖ ಸಿಂಡರಿಸುತ್ತಾರೆ, ನನಗೆ ಅದು ಬಹಳ ಬೇಸರ ತರುತ್ತದೆ. ಬಯಲಲ್ಲಿ ಕುರಿ ಹಿಂದೆ ರಾತ್ರಿ ಕಳೆಯುವವರಿಗೆ ಮೆರಿನೋ ಯಾವ ಕೆಲಸಕ್ಕೆ ಬರುತ್ತದೆ? ಕಂಬಳಿಯಲ್ಲಿ ಉಣ್ಣಲು ಕೂತವರು ಕೂದಲು ಬಂತು ಅನ್ನಬಾರದು ಅನ್ನೋ ಅರ್ಥದ ಗಾದೆ ನೆನಪು ಮಾಡಿಕೊಳ್ಳಿ. ಗಾದೆಯಲ್ಲಿ ಇರುವುದು ಕೂದಲು, ಉಣ್ಣೆ ಅಲ್ಲ. ಹಾಗಾದರೆ ಕಂಬಳಿಯ ಎಳೆಗೆ ಹಳಬರು ಕೂದಲು ಅಂತಲೇ ಅನ್ನುತ್ತಿದ್ದರಾ? ಇದನ್ನು ಕುರಿಗಾರರ ಮನೆಯವರೇ ಹೇಳಬೇಕು.

ಇನ್ನು ಕ್ರಿಯಾಪದಗಳು. ಇಲ್ಲಿ ಕನ್ನಡ ಎಷ್ಟು ಶ್ರೀಮಂತ ಅಂತ ನೂಲಲು ಕೂತ ಮೇಲೇ ನನಗೆ ತಿಳಿದದ್ದು. ಕದರು, ಅಂದರೆ ನೂಲುವ ಕಡ್ಡಿ, ತಿರುಗಿಸಿ ಎಳೆ ತೆಗೆಯುವುದು ನೂಲುವುದು. ಅಂಗೈಯಲ್ಲೋ ತೊಡೆಯ ಮೇಲೋ ಉಜ್ಜಿ ಎಳೆ ಮಾಡುವುದು ಹೊಸೆಯುವುದು, ಬತ್ತಿ ಹೊಸೀತೀವಿ, ಶಾವಿಗೆ ಹೊಸೀತೀವಿ. ಎಳೆಗೆ ಕೂರುವ ತಿರುವು ಹುರಿ. ಸೇಂಗಾ ಹುರಿಯುವ ಹುರಿ ಅಲ್ಲ, ಹುರಿಮೀಸೆಯ ಹುರಿ, ಪೈಲ್ವಾನರ ಮೈ ಹುರಿಗಟ್ಟಿದೆ ಅನ್ನುವಾಗಿನ ಹುರಿ. ಅಂಗೋರಾ ಮೊಲದ ತುಪ್ಪಟ ಬಹಳ ಜಾರುತ್ತದೆ, ಹುರಿ ಕಡಿಮೆ ಆದರೆ ಎಳೆ ಬಿಚ್ಚಿಕೊಂಡು ಹೋಗುತ್ತದೆ. ಮೆರಿನೋದಲ್ಲಿ ಸಹಜವಾದ ಸುಕ್ಕು ಇರುತ್ತದೆ, ಒಂದನ್ನೊಂದು ಹಿಡಿದುಕೊಳ್ಳುತ್ತದೆ, ಸ್ವಲ್ಪ ಹುರಿಯೇ ಸಾಕು. "ಹುರಿ ಜಾಸ್ತಿ ಆತು" ಅಂದರೆ ನಮ್ಮ ಓಣಿಯ ಎಲ್ಲರಿಗೂ ತಟ್ಟನೆ ಗೊತ್ತಾಗುತ್ತದೆ, ಟ್ವಿಸ್ಟ್ ಅನ್ನೋ ಅಗತ್ಯವೇ ಬೀಳಲಿಲ್ಲ. ಎರಡು ನೂಲು ಸೇರಿಸಿ ತಿರುವಿದರೆ ಎರಡೆಳೆ, ಮೂರಾದರೆ ಮೂರೆಳೆ.

(ಅಂಗೋರಾ ಅಂದರೆ ಮೊಲದ್ದು. ಅಂಗೋರಾ ಆಡಿನದು ಮೊಹೇರ್. ಎರಡಕ್ಕೂ ತುರ್ಕಿಯ ಅಂಕಾರಾ ಊರಿನ ಹೆಸರೇ ಬಂದಿದೆ, ಅದಕ್ಕೇ ಅಂಗಡಿಯವರೂ ತಪ್ಪು ಹೇಳ್ತಾರೆ.)

ನೂಲು ಅನ್ನೋದರ ಭೂತಕಾಲ ಏನು ಬರೆಯಲಿ? ಸೋಲು ಸೋತ ಆದ ಹಾಗೆ ನೂಲು ನೂತ ಆಗುತ್ತದೆ. ಈಗ ಎಲ್ಲರೂ ನೂಲಿದ ಅಂತ ಬರೆಯುತ್ತಾರೆ. ನನಗೆ ನೂತ ನೂಲು ಅನ್ನೋದೇ ಇಷ್ಟ, ಆದರೆ ಹುಡುಗಿಯರು ನೂತನ ಅಂತ ಓದಿಕೊಂಡರೆ ಅನ್ನೋ ಭಯ. ಕದರು ಅಂತ ಬರೆಯಲೋ ಕದಿರು ಅಂತಲೋ ಅನ್ನೋದೂ ಇದೆ. 12ನೇ ಶತಮಾನದ ಶರಣೆ ಕದಿರ ರೆಮ್ಮವ್ವೆಯ ಹೆಸರಲ್ಲಿ ಇರುವುದು ಕದಿರು, ನಮ್ಮ ಓಣಿಯಲ್ಲಿ ಕೇಳುವುದು ಕದರು.

ಕೊನೆಯದು ಹಂಜಿ. ಹಿಂಜಿದ ಹತ್ತಿಯನ್ನು ಬೆರಳುದ್ದ ಸುತ್ತಿದರೆ ಹಂಜಿ, ಇದರಲ್ಲಿ ಅನುಮಾನ ಇಲ್ಲ. ನಮ್ಮದು ಹತ್ತಿ ಸೀಮೆ, ಹತ್ತಿಯ ಮಾತು ಎಲ್ಲ ಉಳಿದಿವೆ. ಉಣ್ಣೆ ಹಿಂಜಿ ಸುತ್ತಿಟ್ಟದ್ದಕ್ಕೂ ಹಂಜಿ ಅಂತಾರಾ, ಬೇರೆ ಹೆಸರಿದೆಯಾ? ಬಿಲ್ಲಿನಿಂದ ಉಣ್ಣೆ ಹಿಂಜುವುದನ್ನು ನೋಡಿದವರು ಇನ್ನೂ ಇದ್ದಾರೆ. ಅಥಣಿ, ರಾಯಬಾಗ, ಗೋಕಾಕ, ಬಾದಾಮಿ, ಹುನಗುಂದ, ಇಂಡಿ, ಸಿಂದಗಿ ಕಡೆಯವರು ದಯವಿಟ್ಟು ಮನೆಯ ಹಿರಿಯರನ್ನು ಕೇಳಿ, ಅವರು ಅಂದದ್ದನ್ನು ತಿದ್ದದೆ ಹಾಗೇ ಬರೆಯಿರಿ, ತಾಲೂಕಿನ ಹೆಸರೂ ಇರಲಿ. ಬೆಳಗಾವಿ ಕಡೆ ಮರಾಠಿಯ ಲೋಕರ (ಉಣ್ಣೆ), ಘೋಂಗಡಿ (ಕಂಬಳಿ) ಮನೆಮಾತಿನ ಕನ್ನಡದಲ್ಲೂ ಬರುತ್ತವಾ ಅನ್ನೋದನ್ನೂ ತಿಳಿಸಿ. ಕೈಪಿಡಿಯಲ್ಲಿ ಹಂಜಿಯ ಜಾಗ ಖಾಲಿ ಬಿಟ್ಟಿದ್ದೇನೆ.